ಪಟ್ಟಣ ವ್ಯಾಪಾರ ಸಮಿತಿಗೆ ಹೆಸರು ಸೇರಿಸಿದ್ದು ಯಾರು? ಕೇಳುವ ಹಕ್ಕು ನಿಮಗಿದೆ

ಪ್ರಶ್ನೆ: ನಾನು ಬಸ್ ನಿಲ್ದಾಣದ ಪಕ್ಕ ಹಣ್ಣಿನ ಗಾಡಿ ಇಟ್ಟುಕೊಂಡಿದ್ದೇನೆ. ನಮ್ಮ ಪುರಸಭೆಯಲ್ಲಿ ಪಟ್ಟಣ ವ್ಯಾಪಾರ ಸಮಿತಿ ರಚನೆ ಆಗಿದೆಯಂತೆ. ವ್ಯಾಪಾರಿಗಳ ಪ್ರತಿನಿಧಿಗಳ ಚುನಾವಣೆ ಯಾವಾಗ ನಡೆಯಿತು ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ಕಚೇರಿಯಲ್ಲಿ ಕೇಳಿದರೆ, 'ಅದು ಬರೀ ಸಲಹಾ ಸಮಿತಿ, ಹೆಸರೆಲ್ಲ ಮೇಲಿಂದ ಬಂದಿವೆ' ಅನ್ನುತ್ತಾರೆ. ನಾವೇನು ಮಾಡಬಹುದು?

ಉತ್ತರ: 'ಬರೀ ಸಲಹಾ ಸಮಿತಿ' ಅನ್ನುವ ಮಾತನ್ನು ದಯವಿಟ್ಟು ಒಪ್ಪಬೇಡಿ. ಊರಲ್ಲಿ ಯಾರೆಲ್ಲ ಬೀದಿಬದಿ ವ್ಯಾಪಾರ ಮಾಡುತ್ತಿದ್ದಾರೆ ಅಂತ ಸಮೀಕ್ಷೆ ಮಾಡಬೇಕಾದದ್ದು ಇದೇ ಸಮಿತಿ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಕಲಂ 3 ಹಾಗೆ ಹೇಳುತ್ತದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ ಅಂತಲೂ ಅಲ್ಲೇ ಇದೆ. ಅಂದಮೇಲೆ ಆ ಸಮಿತಿಯಲ್ಲಿ ಯಾರು ಕೂತಿದ್ದಾರೆ ಅನ್ನುವುದು ನಿಮ್ಮ ಅನ್ನದ ಪ್ರಶ್ನೆ ಅಲ್ವಾ?

'ಮೇಲಿಂದ ಬಂದಿವೆ' ಅನ್ನುವುದರಲ್ಲಿ ಅರ್ಧ ಮಾತ್ರ ನಿಜ. ಕಲಂ 22ರ ಪ್ರಕಾರ ಮುಖ್ಯಾಧಿಕಾರಿಯೇ ಅಧ್ಯಕ್ಷರು. ಪೊಲೀಸ್, ಬ್ಯಾಂಕ್, ವರ್ತಕರ ಸಂಘ, ನಿವಾಸಿಗಳ ಸಂಘ, ಸ್ವಯಂಸೇವಾ ಸಂಸ್ಥೆ, ಇವರ ಪ್ರತಿನಿಧಿಗಳನ್ನು ಸರ್ಕಾರ ನಾಮನಿರ್ದೇಶನ ಮಾಡುತ್ತದೆ. ಆದರೆ ವ್ಯಾಪಾರಿಗಳ ಸ್ಥಾನ ಹಾಗಲ್ಲ. ಅದು ಕನಿಷ್ಠ ಶೇ 40 ಇರಬೇಕು, ಅವರನ್ನು ವ್ಯಾಪಾರಿಗಳೇ ಆರಿಸಬೇಕು, ಅವರಲ್ಲಿ ಮೂರರಲ್ಲಿ ಒಂದು ಪಾಲು ಮಹಿಳೆಯರಿರಬೇಕು. 20 ಜನರ ಸಮಿತಿ ಅಂದುಕೊಳ್ಳಿ: 8 ವ್ಯಾಪಾರಿ ಪ್ರತಿನಿಧಿಗಳು, ಅದರಲ್ಲಿ 3 ಮಹಿಳೆಯರು. ಈ ಲೆಕ್ಕ ಹಿಡಿದು ನಿಮ್ಮೂರ ಪಟ್ಟಿ ನೋಡಿ.

ಇನ್ನು ನಾಮನಿರ್ದೇಶನದ ವಿಷಯ. ಯಾವ ಸಂಘದಿಂದ ಯಾರನ್ನು, ಯಾಕೆ ತೆಗೆದುಕೊಂಡರು ಅನ್ನುವುದು ಸಾಮಾನ್ಯವಾಗಿ ಹೊರಗೆ ಬರುವುದೇ ಇಲ್ಲ. ಅರ್ಜಿ ಕರೆದು, ಬಂದ ಹೆಸರುಗಳನ್ನೆಲ್ಲ ನೋಟಿಸ್ ಬೋರ್ಡಿಗೆ ಹಾಕಿ, ಆಮೇಲೆ ಆಯ್ಕೆ ಮಾಡಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನೀವು ಕುಳಿತ ಜಾಗ ಖಾಲಿಯಾದರೆ ಲಾಭ ಆಗುವವರೇ ಸಮಿತಿಯಲ್ಲಿದ್ದರೆ, ಅದು ಊರಿಗೆ ಮೊದಲೇ ಗೊತ್ತಿರಬೇಕು.

ಈಗ ಮಾಡಬೇಕಾದ ಕೆಲಸ. 2005ರ ಮಾಹಿತಿ ಹಕ್ಕು ಕಾಯ್ದೆಯ ಕಲಂ 4ರಲ್ಲಿ ಒಂದು ಮಾತಿದೆ: ಕಚೇರಿಯು ಸಲಹೆಗಾಗಿ ಮಾಡಿಕೊಂಡ ಸಮಿತಿಗಳ ವಿವರವನ್ನು, ಅವುಗಳ ಸಭೆಗೆ ಸಾರ್ವಜನಿಕರು ಹೋಗಬಹುದೇ, ನಡಾವಳಿ ಸಿಗುತ್ತದೆಯೇ ಅನ್ನುವುದನ್ನು ಯಾರೂ ಕೇಳದೇ ಇದ್ದರೂ ಪ್ರಕಟಿಸಬೇಕು. ಹಾಗಾಗಿ 'ಸಲಹಾ ಸಮಿತಿ' ಅಂತ ಅವರೇ ಹೇಳಿದರೂ ಜವಾಬ್ದಾರಿ ತಪ್ಪುವುದಿಲ್ಲ.

ಪುರಸಭೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಅದಕ್ಕೇ 'ಪಟ್ಟಣ ವ್ಯಾಪಾರ ಸಮಿತಿ ರಚನೆ' ಅಂತ ವಿಷಯ ಬರೆದು ರಚನೆಯ ಆದೇಶ, ವ್ಯಾಪಾರಿಗಳ ಮತದಾರರ ಪಟ್ಟಿ, ಚುನಾವಣಾ ನೋಟಿಸ್, ಫಲಿತಾಂಶ, ನಾಮನಿರ್ದೇಶನದ ಕಡತದ ಟಿಪ್ಪಣಿ ಹಾಳೆ, ಈವರೆಗಿನ ನಡಾವಳಿ, ಇವುಗಳ ಪ್ರತಿ ಕೇಳಿ. 'ಯಾಕೆ ಹೀಗೆ ಮಾಡಿದಿರಿ' ಅಂತ ಜಗಳದ ಧಾಟಿಯಲ್ಲಿ ಬರೆಯಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ದಾಖಲೆ ಕೇಳಿ. ಸುಮ್ನೆ ಬಾಯಿಮಾತಿಗೆ ನಂಬಬೇಡಿ, ಸ್ವೀಕೃತಿ ತಪ್ಪದೇ ಇಟ್ಟುಕೊಳ್ಳಿ.

30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ ಕರ್ನಾಟಕ ಮಾಹಿತಿ ಆಯೋಗ. 'ಚುನಾವಣೆಯ ದಾಖಲೆ ಇಲ್ಲ' ಅಂತ ಬರೆದುಕೊಟ್ಟರೆ ಅದು ನಿಮಗೆ ದೊಡ್ಡ ಆಧಾರ. ಆ ಕಾಗದ ಹಿಡಿದು ನಾಲ್ಕಾರು ವ್ಯಾಪಾರಿಗಳು ಒಟ್ಟಿಗೆ ಜಿಲ್ಲಾಧಿಕಾರಿಗೆ ಮನವಿ ಕೊಡಿ. ಕೋರ್ಟಿಗೆ ಹೋಗಬೇಕಾಗಿ ಬಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಆದಾಯ ಕಡಿಮೆ ಇರುವವರಿಗೆ ಅಲ್ಲಿ ವಕೀಲರ ನೆರವು ಉಚಿತವಾಗಿ ಸಿಗುತ್ತದೆ.