ಮುಯ್ಯಿಗೆ ಬಂದವರ ಕೈಗೆ ಕೂಲಿ ಇಡಬೇಡಿ
ಇಂಡಿ ಹತ್ತಿರದ ನಿಮ್ಮ ಹೊಲಕ್ಕೆ ಬದುವಿನಾಚೆಯವರು ನಾಲ್ಕು ಮಂದಿ ಬಂದು ಎರಡು ದಿನ ಬಿಳಿಜೋಳ ಕಿತ್ತರು, ಕೂಲಿ ಕೊಡಹೋದರೆ ಮುಖ ಸಣ್ಣದು ಮಾಡಿದರು, ಯಾಕೆ ಅಂತ ಕೇಳಿದ್ದೀರಿ. ಅವರು ಬಂದದ್ದು ಮುಯ್ಯಿಗೆ ರೀ, ಅಂದರೆ ಇಂದು ನಿಮ್ಮ ಹೊಲದಲ್ಲಿ ಅವರು ದುಡಿದರೆ ನಾಳೆ ಅವರ ಹೊಲದಲ್ಲಿ ನೀವು. ಕೂಲಿ ಕೊಟ್ಟರೆ ಅಲ್ಲಿಗೆ ಲೆಕ್ಕ ಮುಗಿಯಿತು, ಇನ್ನು ನೀವ್ಯಾರೋ ನಾವ್ಯಾರೋ ಅಂದಂತೆ. ಬಾಕಿ ಉಳಿಯಬೇಕು ಅನ್ನುವುದೇ ಇದರ ಜೀವ. ನಾಲ್ಕು ಮಂದಿ, ಎರಡು ದಿನ ಅಂದರೆ ನಿಮ್ಮ ಮೇಲೆ ಈಗ 8 ಆಳಿನ ಋಣ ಇದೆ.

ಅದನ್ನು ಹಣದಿಂದಲ್ಲ, ದುಡಿದು ಇದೇ ಸುಗ್ಗಿಯಲ್ಲಿ ತೀರಿಸಿ. ಅವರ ಜೋಳ ಒಣಗಿ ಕಾಳು ಉದುರತೊಡಗಿದ ಮೇಲೆ ಹೋದರೆ ಹೋದ ಲೆಕ್ಕಕ್ಕೇ ಬರುವುದಿಲ್ಲ. ಅವರು ಬಾಯಿಬಿಟ್ಟು ಕರೆಯಲಿಕ್ಕಿಲ್ಲ, "ಯಾವಾಗ ಕೀಳ್ತೀರಿ?" ಅಂತ ನೀವೇ ಕೇಳಬೇಕು. ಮನೆಯಲ್ಲಿ ಮಂದಿ ಇಲ್ಲವೇ? ಕೂಲಿಯಾಳು ಹಿಡಿದು, ಪಗಾರ ನೀವು ಕೊಟ್ಟು, ನಿಮ್ಮ ಹೆಸರಿನಲ್ಲಿ ಕಳಿಸಿ. ಆದರೆ ಒಂದು ದಿನವಾದರೂ ನೀವೇ ಸಾಲು ಹಿಡಿಯಿರಿ. ಕೈಗೆ ಬೊಬ್ಬೆ ಬರುತ್ತದೆ, ಬರಲಿ. ಬರೀ ಆಳು ಕಳಿಸುವವರನ್ನು ಊರು ಸಾಹುಕಾರರ ಸಾಲಿಗೆ ಸೇರಿಸುತ್ತದೆ, ಮುಂದಿನ ವರ್ಷ ಯಾರೂ ಬರುವುದಿಲ್ಲ.

ಅವರು ಎತ್ತು ಕೊಟ್ಟಿದ್ದರೆ ಲೆಕ್ಕ ಬೇರೆ. ಜೋಡೆತ್ತಿಗೆ ಎಷ್ಟು ಆಳು ಅನ್ನುವುದು ಊರಿಂದೂರಿಗೆ ಬದಲಾಗುತ್ತದೆ, ಹಿರಿಯರನ್ನು ಕೇಳಿ.

ಈಗ ಕೊಟ್ಟ ಹಣ ವಾಪಸ್ ಬಂದಿದ್ದರೆ ಸುಮ್ಮನಿರಿ, ಮತ್ತೆ ಒತ್ತಾಯ ಬೇಡ. ಮುಂದಿನ ಎಳ್ಳ ಅಮಾವಾಸ್ಯೆಗೆ ಚರಗ (ಭೂಮಿತಾಯಿಗೆ ನೈವೇದ್ಯ) ಚೆಲ್ಲುವಾಗ ಅವರ ಮನೆಮಂದಿಯನ್ನೆಲ್ಲ ಹೊಲಕ್ಕೆ ಕರೆಯಿರಿ. ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಸಾಕು. ಫೋನಿನಲ್ಲಿ ಮಾತ್ರ ಕರೆಯಬೇಡಿ, ಮನೆಗೆ ಹೋಗಿ ಹೇಳಿ.