ಹವಾಮಾನ ತಜ್ಞರು ನಕ್ಷೆ ನೋಡಿ ಮಳೆಯ ಮುನ್ಸೂಚನೆ ನೀಡುವುದು ಹೇಗೆ?

ಮೊದಲು ಬೇಕಾದದ್ದು ಅಳತೆ. ಭಾರತೀಯ ಹವಾಮಾನ ಇಲಾಖೆಯ ವೀಕ್ಷಣಾಲಯಗಳು ವಾಯುಭಾರ, ಉಷ್ಣಾಂಶ, ಆರ್ದ್ರತೆ, ಗಾಳಿಯ ದಿಕ್ಕು ಮತ್ತು ವೇಗವನ್ನು ನಿಗದಿತ ಹೊತ್ತುಗಳಲ್ಲಿ ದಾಖಲಿಸುತ್ತವೆ. ಪತ್ರಿಕೆಗಳಲ್ಲಿ ಬರುವ ಮಳೆಯ ಪ್ರಮಾಣ ಸಾಮಾನ್ಯವಾಗಿ ಬೆಳಿಗ್ಗೆ 8.30ಕ್ಕೆ ಮುಗಿದ 24 ಗಂಟೆಗಳದು. ಮೇಲಿನ ವಾಯುಮಂಡಲದ ಸ್ಥಿತಿಯನ್ನು ಅರಿಯಲು ಮಂಗಳೂರು, ಬೆಂಗಳೂರಿನಂತಹ ಕೇಂದ್ರಗಳಿಂದ ಬಲೂನುಗಳನ್ನು ಹಾರಿಬಿಡಲಾಗುತ್ತದೆ. ಅವುಗಳಿಗೆ ಕಟ್ಟಿದ ಪುಟ್ಟ ಪೆಟ್ಟಿಗೆಯು ಬಲೂನು ಒಡೆಯುವವರೆಗೂ ರೇಡಿಯೋ ಮೂಲಕ ಅಳತೆಗಳನ್ನು ಕಳುಹಿಸುತ್ತಲೇ ಇರುತ್ತದೆ. ಸಮುದ್ರದ ಮೇಲಿನ ಮೋಡಗಳಿಗೆ ಇನ್ಸಾಟ್ ಉಪಗ್ರಹಗಳೇ ಮುಖ್ಯ ಆಧಾರ.

ಸಮುದ್ರಮಟ್ಟಕ್ಕೆ ಹೊಂದಿಸಿದ ವಾಯುಭಾರ ಒಂದೇ ಇರುವ ಸ್ಥಳಗಳನ್ನು ನಕ್ಷೆಯಲ್ಲಿ ಸೇರಿಸಿ ಎಳೆಯುವ ಗೆರೆಗಳೇ ಸಮಭಾರ ರೇಖೆಗಳು. ಅವು ಒತ್ತೊತ್ತಾಗಿದ್ದರೆ ಗಾಳಿ ಬಿರುಸು. ಬಂಗಾಳ ಕೊಲ್ಲಿಯಲ್ಲಿ ಸುತ್ತುಸುತ್ತಾಗಿ ಮುಚ್ಚಿಕೊಂಡು ನಡುವೆ ಒತ್ತಡ ಇಳಿದಿದ್ದರೆ ಅಲ್ಲಿ ವಾಯುಭಾರ ಕುಸಿತ ರೂಪುಗೊಳ್ಳುತ್ತಿರಬಹುದು. ಮುಂಗಾರಿನಲ್ಲಿ ಇವೇ ರೇಖೆಗಳು ಪಶ್ಚಿಮ ಕರಾವಳಿಯುದ್ದಕ್ಕೂ ಬಾಗಿ ಕಡಿಮೆ ಒತ್ತಡದ ಪಟ್ಟಿಯನ್ನು ತೋರಿಸಿದರೆ, ಉಡುಪಿ, ಆಗುಂಬೆಯ ಕಡೆ ಭಾರಿ ಮಳೆಯನ್ನು ನಿರೀಕ್ಷಿಸಬಹುದು.

ಇಂದು ಮುಂದಿನ ದಿನಗಳ ಲೆಕ್ಕವನ್ನು ಭೌತನಿಯಮಗಳ ಸಮೀಕರಣಗಳಿಂದ ಸೂಪರ್ ಕಂಪ್ಯೂಟರ್‌ಗಳು ಮಾಡುತ್ತವೆ. ಆದರೂ ಘಟ್ಟದ ಪೂರ್ವಕ್ಕೆ ಕೆಲವೇ ಹರದಾರಿ ದೂರದಲ್ಲಿ ಮಳೆ ಥಟ್ಟನೆ ಇಳಿಮುಖವಾಗುವಂತಹ ಸೂಕ್ಷ್ಮವನ್ನು ತೂಗಿ ನೋಡುವಲ್ಲಿ, ನನ್ನ ದೃಷ್ಟಿಯಲ್ಲಿ, ಅನುಭವಿ ತಜ್ಞರ ಕಣ್ಣು ಇನ್ನೂ ಬೇಕೇ ಬೇಕು.