ತಾರಸಿಯಲ್ಲಿ ಆರು ಜನರ ರಾತ್ರಿಯೂಟಕ್ಕೆ ಮೇಜನ್ನು ಹೇಗೆ ಸಜ್ಜುಗೊಳಿಸಬೇಕು?

ಪುಣೆಯ ನಮ್ಮ ಮನೆಯ ತಾರಸಿಯಲ್ಲಿ ಪ್ರತಿ ಚಳಿಗಾಲದಲ್ಲೂ ನೆಂಟರಿಗೆ ಊಟ ಬಡಿಸುವ ರೂಢಿ ಇರುವುದರಿಂದ, ಅನುಭವದಿಂದಲೇ ಉತ್ತರಿಸುತ್ತೇನೆ.

ಹೊರಗಿನ ಮೇಜಿಗೆ ಅಲಂಕಾರಕ್ಕಿಂತ ಮೊದಲು ಗಾಳಿಯ ಯೋಚನೆ ಮಾಡಬೇಕು. ದಪ್ಪ ಹತ್ತಿ ಬಟ್ಟೆಯನ್ನು ಹಾಸಿ, ನಾಲ್ಕೂ ಅಂಚಿಗೆ ಕ್ಲಿಪ್ ಹಾಕಿ, ನಡುವೆ ಉದ್ದಕ್ಕೆ ಗುಳೇದಗುಡ್ಡದ ಖಣದ ಪಟ್ಟಿಯೊಂದನ್ನು ಹರಡಿದರೆ ಮೇಜಿಗೆ ಬೇರೆ ಬಣ್ಣವೇ ಬೇಕಾಗುವುದಿಲ್ಲ. ಒಬ್ಬೊಬ್ಬರಿಗೂ ಸುಮಾರು 60 ಸೆಂ.ಮೀ. ಅಗಲದ ಜಾಗವಿರಲಿ.

ಬಾಳೆಎಲೆಯಲ್ಲಿ ಬಡಿಸುವುದಾದರೆ, ಅದರ ಹಿಂಬದಿಯ ದಂಟು ಉಬ್ಬಿರುವ ಕಾರಣ ಎಲೆ ಮೇಜಿನ ಮೇಲೆ ಸಮನಾಗಿ ಕೂರದೆ ಸಾರು ಒಂದೇ ಕಡೆಗೆ ಹರಿಯುತ್ತದೆ. ಆದ್ದರಿಂದ ದಂಟನ್ನು ಚಾಕುವಿನಿಂದ ತೆಳುವಾಗಿ ಹೆರೆದು, ಎಲೆಯನ್ನು ಒರೆಸಿ, ಕುಡಿ ಉಣ್ಣುವವರ ಎಡಕ್ಕೆ ಬರುವಂತೆ ಹಾಕಬೇಕು. ನೀರು ತುಂಬಿದ ಹಿತ್ತಾಳೆ ಲೋಟವನ್ನು ಎಲೆಯ ಮೇಲಂಚಿನಲ್ಲಿಟ್ಟರೆ ಅದು ಹಾರುವುದಿಲ್ಲ.

ಹೂವಿನ ಎಸಳುಗಳನ್ನು ಚೆಲ್ಲಬೇಡಿ, ಅವು ಅನ್ನಕ್ಕೆ ಬೀಳುತ್ತವೆ. ಅಗಲವಾದ ಉರುಳಿಯಲ್ಲಿ ನೀರು ತುಂಬಿ ಇಡೀ ಚೆಂಡುಹೂಗಳನ್ನು ತೇಲಿಬಿಟ್ಟರೆ ಎದುರು ಕುಳಿತವರ ಮುಖವೂ ಮರೆಯಾಗುವುದಿಲ್ಲ. ಮಲ್ಲಿಗೆ ನನಗೆ ಅತಿ ಪ್ರಿಯವಾದರೂ ಊಟದ ಮೇಜಿನ ಮೇಲೆ ಇಡುವುದಿಲ್ಲ, ಏಕೆಂದರೆ ಅದರ ಪರಿಮಳ ತುಪ್ಪದ ಘಮವನ್ನು ಮುಚ್ಚಿಬಿಡುತ್ತದೆ.

ಹಣತೆಗಳನ್ನು ಗಾಜಿನ ಬರಣಿಯೊಳಗಿಡಿ. ವಿದ್ಯುತ್ ದೀಪವಾದರೆ 2700 ಕೆಲ್ವಿನ್‌ನ ಹಳದಿ ಬೆಳಕು ಸಾಕು. ಬಿಳಿ ಬೆಳಕಿನಲ್ಲಿ ಪಲ್ಯವೂ ಬಾಡಿದಂತೆ ಕಾಣುತ್ತದೆ. ಕಾಲಿಗೆ ಸೊಳ್ಳೆ ಬರದಿರಲು ಮೇಜಿನ ಕೆಳಗೆ ಚಿಕ್ಕ ಫ್ಯಾನ್ ಇಡಬಹುದು.